ಸಾಮಾನ್ಯ ಪೆಟ್ರೋಲ್ ಕಾರಿಗೆ ಟರ್ಬೋ ಹಾಕಿಸಬಹುದೇ? 'ಲೋ ಬೂಸ್ಟ್' ಲೆಕ್ಕಾಚಾರ, ಅಪಾಯ, ಕಾನೂನು: ಇಲ್ಲಿದೆ ಪೂರ್ಣ ವಿವರ

ನಗರದೊಳಗೆ ಓಡಾಡಲು ಕಾರು ಸಾಕು, ಮೈಲೇಜ್ ಬಗ್ಗೆಯೂ ದೂರಿಲ್ಲ. ಆದರೆ ಐದು ಜನ ಕೂತು, ಡಿಕ್ಕಿ ತುಂಬ ಲಗೇಜ್ ಹೇರಿ, ಎಸಿ ಹಾಕಿಕೊಂಡು ಮುಂಬೈನಿಂದ ಪುಣೆಗೆ ಹೊರಟರೆ ಖಂಡಾಲ ಘಾಟ್ ಹತ್ತುವಾಗ 1.2 ಲೀಟರ್ ಎಂಜಿನ್ ಏದುಸಿರು ಬಿಡುತ್ತದೆ. ಲಾರಿಯನ್ನು ಹಿಂದಿಕ್ಕಬೇಕೆಂದರೆ ಎರಡು ಗೇರ್ ಇಳಿಸಬೇಕು. ಇಂಥ ಹೊತ್ತಿನಲ್ಲೇ ಅನೇಕ ಮಾಲೀಕರಿಗೆ ಹೊಳೆಯುವ ಯೋಚನೆ: ಹೊಸ ಕಾರು ಕೊಳ್ಳುವ ಬದಲು ಇದಕ್ಕೇ ಒಂದು ಸಣ್ಣ ಟರ್ಬೋ ಕೂರಿಸಿದರೆ ಹೇಗೆ? ಒತ್ತಡ ಕಡಿಮೆ ಇಟ್ಟರೆ ಎಂಜಿನ್‌ಗೂ ತೊಂದರೆ ಆಗುವುದಿಲ್ಲವಲ್ಲ?

ತಾಂತ್ರಿಕವಾಗಿ ಇದು ಸಾಧ್ಯ. ಜಗತ್ತಿನ ನಾನಾ ಕಡೆ ಹವ್ಯಾಸಿಗಳು ದಶಕಗಳಿಂದ ಮಾಡುತ್ತಲೂ ಇದ್ದಾರೆ. ಆದರೆ 'ಲೋ ಬೂಸ್ಟ್' ಎಂಬ ಹೆಸರಿನಲ್ಲಿ ಕಡಿಮೆ ಇರುವುದು ಗಾಳಿಯ ಒತ್ತಡ ಮಾತ್ರ. ಅಪಾಯವೂ ಕಡಿಮೆ ಎಂದು ಅರ್ಥವಲ್ಲ. ಎಂಜಿನ್ ಉಳಿಯುವುದೋ ಹೋಗುವುದೋ ಎಂಬುದನ್ನು ತೀರ್ಮಾನಿಸುವುದು ಟರ್ಬೋಗಿಂತ ಹೆಚ್ಚಾಗಿ ಅದರ ಸುತ್ತ ಮಾಡುವ ಕೆಲಸ. ಇನ್ನು ಭಾರತದ ರಸ್ತೆಗಳ ಮಟ್ಟಿಗೆ ಕಾನೂನಿನ ಪ್ರಶ್ನೆ ಬೇರೆಯೇ ಇದೆ.

ಟರ್ಬೋ ಮಾಡುವ ಕೆಲಸ ಏನು?

ಸಾಮಾನ್ಯ ಪೆಟ್ರೋಲ್ ಎಂಜಿನ್‌ನಲ್ಲಿ ಪಿಸ್ಟನ್ ಕೆಳಗಿಳಿದಾಗ ಉಂಟಾಗುವ ಖಾಲಿ ಜಾಗಕ್ಕೆ ಹೊರಗಿನ ಗಾಳಿ ತಾನಾಗಿಯೇ ನುಗ್ಗುತ್ತದೆ. ಇದನ್ನೇ ನ್ಯಾಚುರಲಿ ಆಸ್ಪಿರೇಟೆಡ್, ಚಿಕ್ಕದಾಗಿ ಎನ್‌ಎ ಎಂಜಿನ್ ಎನ್ನುತ್ತಾರೆ. ಒಳಗೆ ಎಷ್ಟು ಗಾಳಿ ಹೋಗುತ್ತದೋ ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಉರಿಸಬಹುದು. ಹಾಗಾಗಿ ಗಾಳಿಯ ಪ್ರಮಾಣವೇ ಶಕ್ತಿಯ ಮಿತಿ.

ಈ ಮಿತಿಯನ್ನು ಮೀರಲು ಬಂದ ಉಪಾಯ ಟರ್ಬೋಚಾರ್ಜರ್. ಸ್ವಿಟ್ಜರ್ಲೆಂಡ್‌ನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ 1905ರಲ್ಲೇ ಇದರ ಮೂಲ ಕಲ್ಪನೆಗೆ ಪೇಟೆಂಟ್ ಪಡೆದಿದ್ದರು. ಸೈಲೆನ್ಸರ್ ಮೂಲಕ ವ್ಯರ್ಥವಾಗಿ ಹೊರಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ ಎಂಜಿನ್‌ಗೆ ತುಂಬುತ್ತದೆ. ಸಣ್ಣ ಕಾರುಗಳ ಟರ್ಬೋ ನಿಮಿಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಪೆಟ್ರೋಲ್ ಎಂಜಿನ್‌ನಲ್ಲಿ ಅದರ ಹೊಗೆಯ ಕಡೆಯ ಭಾಗ 900 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿನ ಬಿಸಿಯನ್ನು ತಡೆದುಕೊಳ್ಳಬೇಕು.

ಒತ್ತಡ ಮಿತಿಮೀರದಂತೆ ನೋಡಿಕೊಳ್ಳುವುದು ವೇಸ್ಟ್‌ಗೇಟ್ ಎಂಬ ಕವಾಟ. ನಿಗದಿತ ಒತ್ತಡ ಬಂದೊಡನೆ ಅದು ತೆರೆದು, ಹೆಚ್ಚುವರಿ ಹೊಗೆಯನ್ನು ಚಕ್ರದ ಪಕ್ಕದಿಂದ ಸಾಗಹಾಕುತ್ತದೆ. ವೇಸ್ಟ್‌ಗೇಟ್‌ನ ಸ್ಪ್ರಿಂಗ್ ಎಷ್ಟು ಗಟ್ಟಿಯೋ ಬೂಸ್ಟ್ ಅದಕ್ಕಿಂತ ಕಡಿಮೆ ಮಾಡಲಾಗದು. ಆದ್ದರಿಂದ ಲೋ ಬೂಸ್ಟ್ ಬೇಕೆಂದರೆ ಮೊದಲು ಸರಿಯಾದ ಸ್ಪ್ರಿಂಗ್ ಆರಿಸಬೇಕು.

'ಲೋ ಬೂಸ್ಟ್' ಎಂದರೆ ಎಷ್ಟು?

ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 14.7 ಪಿಎಸ್‌ಐ, ಅಂದರೆ 1 ಬಾರ್‌ಗಿಂತ ತುಸು ಹೆಚ್ಚು. ಇದರ ಮೇಲೆ ಟರ್ಬೋ ಸೇರಿಸುವ ಒತ್ತಡವೇ ಬೂಸ್ಟ್. ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐವರೆಗಿನ ಬೂಸ್ಟನ್ನು ಹವ್ಯಾಸಿಗಳು 'ಲೋ ಬೂಸ್ಟ್' ಎನ್ನುತ್ತಾರೆ.

5 ಪಿಎಸ್‌ಐ ಎಂದಿಟ್ಟುಕೊಂಡು ಒಂದು ಲೆಕ್ಕ ನೋಡೋಣ. ಒತ್ತಡ ಶೇ 34ರಷ್ಟು ಹೆಚ್ಚಿತು. ಹಾಗೆಂದು ಶಕ್ತಿಯೂ ಶೇ 34ರಷ್ಟು ಹೆಚ್ಚುವುದಿಲ್ಲ. ಸೈಕಲ್ ಪಂಪ್ ಹೊಡೆದಾಗ ಅದರ ತುದಿ ಬಿಸಿಯಾಗುವಂತೆ, ಒತ್ತಿದ ಗಾಳಿ ಬಿಸಿಯಾಗುತ್ತದೆ. ಹೊರಗೆ 35 ಡಿಗ್ರಿ ಇದ್ದರೆ ಟರ್ಬೋದಿಂದ ಹೊರಬರುವ ಗಾಳಿ 75 ಡಿಗ್ರಿ ದಾಟಬಹುದು. ಬಿಸಿಯಾದ ಗಾಳಿ ಹಿಗ್ಗುವುದರಿಂದ ನಿಜವಾಗಿ ಸಿಗುವ ಹೆಚ್ಚುವರಿ ಗಾಳಿ ಶೇ 18ರಷ್ಟು ಮಾತ್ರ. ನಡುವೆ ಇಂಟರ್‌ಕೂಲರ್ ಇಟ್ಟು ಗಾಳಿಯನ್ನು 45 ಡಿಗ್ರಿಗೆ ತಣಿಸಿದರೆ ಈ ಪ್ರಮಾಣ ಶೇ 25ರ ಮೇಲೆ ಹೋಗುತ್ತದೆ.

ಅಂದರೆ 85 ಪಿಎಸ್ ಶಕ್ತಿಯ ಕಾರು ಎಲ್ಲವೂ ಸರಿಯಿದ್ದರೆ 100ರಿಂದ 105 ಪಿಎಸ್ ತಲುಪಬಹುದು. ಸಂಖ್ಯೆ ದೊಡ್ಡದಲ್ಲ ಎನಿಸಬಹುದು. ಆದರೆ ಟರ್ಬೋದ ನಿಜವಾದ ಲಾಭ ಗರಿಷ್ಠ ಶಕ್ತಿಗಿಂತ ಹೆಚ್ಚಾಗಿ ಮಧ್ಯಮ ವೇಗದ ಟಾರ್ಕ್‌ನಲ್ಲಿದೆ. 2,500ರಿಂದ 4,000 ಆರ್‌ಪಿಎಂ ನಡುವೆ ಕಾರು ಎಳೆಯುವ ರೀತಿಯೇ ಬದಲಾಗುತ್ತದೆ. ಘಾಟಿಯಲ್ಲಿ ಬೇಕಿರುವುದೂ ಅದೇ.

ಎತ್ತರದ ಊರುಗಳಲ್ಲಿ ಇನ್ನೊಂದು ಲಾಭವಿದೆ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮುಂಬೈ, ಚೆನ್ನೈಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಚೆನ್ನೈನಿಂದ ಊರಿಗೆ ಹೊರಟ ಎನ್‌ಎ ಕಾರು ಬೆಂಗಳೂರು ತಲುಪುವಷ್ಟರಲ್ಲಿ ಅಷ್ಟು ಶಕ್ತಿ ಕಳೆದುಕೊಂಡಿರುತ್ತದೆ. ಟರ್ಬೋ ಈ ಕೊರತೆಯನ್ನು ತುಂಬಬಲ್ಲದು.

1962ರಲ್ಲೇ ಕಲಿತ ಪಾಠ

ಹೆಚ್ಚು ಕಂಪ್ರೆಷನ್ ಇರುವ ಎಂಜಿನ್‌ಗೆ ಕಡಿಮೆ ಬೂಸ್ಟ್ ಕೊಡುವ ಪ್ರಯೋಗ ಹೊಸದಲ್ಲ. ಟರ್ಬೋ ಅಳವಡಿಸಿ ಮಾರಾಟಕ್ಕೆ ಬಂದ ಮೊದಲ ಪ್ರಯಾಣಿಕ ಕಾರುಗಳಲ್ಲಿ ಒಂದಾದ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ 1962ರಲ್ಲಿ ಮಾಡಿದ್ದು ಇದನ್ನೇ. ಅದರ 3.5 ಲೀಟರ್ ಅಲ್ಯೂಮಿನಿಯಂ ವಿ8 ಎಂಜಿನ್‌ನ ಕಂಪ್ರೆಷನ್ ಅನುಪಾತ 10.25:1. ಬೂಸ್ಟ್ ಕೇವಲ 5 ಪಿಎಸ್‌ಐ. ಶಕ್ತಿ 215 ಹಾರ್ಸ್‌ಪವರ್.

ಆ ಅನುಪಾತದ ಮೇಲೆ 5 ಪಿಎಸ್‌ಐ ಕೂಡ ಜಾಸ್ತಿಯೇ ಎಂಬುದು ಕಂಪನಿಗೆ ಗೊತ್ತಿತ್ತು. ಹಾಗಾಗಿ ಬೂಸ್ಟ್ ಬಂದಾಗಲೆಲ್ಲ ನೀರು ಮತ್ತು ಮೆಥನಾಲ್ ಬೆರೆತ ದ್ರವವನ್ನು ಎಂಜಿನ್‌ಗೆ ಸಿಂಪಡಿಸುವ ವ್ಯವಸ್ಥೆ ಮಾಡಿತು. 'ಟರ್ಬೋ ರಾಕೆಟ್ ಫ್ಲೂಯಿಡ್' ಎಂಬ ಆ ದ್ರವ ಒಳಗಿನ ಬಿಸಿಯನ್ನು ತಗ್ಗಿಸುತ್ತಿತ್ತು. ದ್ರವ ಮುಗಿದರೆ ಬೂಸ್ಟ್ ಕಡಿತವಾಗುವಂತೆ ರಕ್ಷಣೆಯನ್ನೂ ಇಟ್ಟಿತ್ತು. ಆದರೆ ಎಷ್ಟೋ ಮಾಲೀಕರು ದ್ರವ ತುಂಬಿಸುವುದನ್ನೇ ಮರೆತರು. ಕಾರಿಗೆ ಶಕ್ತಿ ಇಲ್ಲವೆಂಬ ದೂರು ಬಂತು. ಎರಡೇ ವರ್ಷದಲ್ಲಿ ಮಾದರಿ ನಿಂತಿತು. ಮುಂದೆ ಕಂಪನಿಯೇ ಟರ್ಬೋ ತೆಗೆದು ಸಾಮಾನ್ಯ ಕಾರ್ಬ್ಯುರೇಟರ್ ಹಾಕಿಕೊಡುವ ಅವಕಾಶ ನೀಡಿತು.

ಇದೇ ಕಲ್ಪನೆ 1990ರ ದಶಕದಲ್ಲಿ ಸ್ವೀಡನ್ನಿನ ಸಾಬ್ ಮತ್ತು ವೋಲ್ವೋ ಕಂಪನಿಗಳ ಕೈಯಲ್ಲಿ ಚೆನ್ನಾಗಿ ನಡೆಯಿತು. 'ಲೈಟ್ ಪ್ರೆಶರ್ ಟರ್ಬೋ' ಹೆಸರಿನ ಆ ಕಾರುಗಳು ರೇಸಿಂಗ್‌ಗಾಗಿ ಬಂದವಲ್ಲ, ದಿನಬಳಕೆಗೆ ಬಂದವು. ಮೂರು ದಶಕಗಳಲ್ಲಿ ಬದಲಾದದ್ದು ಮುಖ್ಯವಾಗಿ ಕಂಟ್ರೋಲ್: ಎಂಜಿನ್‌ನ ಸದ್ದನ್ನು ಆಲಿಸುವ ನಾಕ್ ಸೆನ್ಸರ್, ಇಂಧನವನ್ನು ಕರಾರುವಾಕ್ಕಾಗಿ ಅಳೆಯುವ ಇಂಜೆಕ್ಷನ್, ಎರಡನ್ನೂ ನೋಡಿಕೊಳ್ಳುವ ಕಂಪ್ಯೂಟರ್.

ಎಂಜಿನ್ ಕೊಲ್ಲುವುದು ಟರ್ಬೋ ಅಲ್ಲ, ನಾಕಿಂಗ್

ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಬೆಂಕಿ ಸಿಲಿಂಡರ್‌ನಲ್ಲಿ ಕ್ರಮವಾಗಿ ಹರಡಬೇಕು. ಒತ್ತಡ, ಬಿಸಿ ಮಿತಿಮೀರಿದರೆ ಬೆಂಕಿ ತಲುಪುವ ಮುನ್ನವೇ ಮೂಲೆಯಲ್ಲಿದ್ದ ಮಿಶ್ರಣ ತಾನಾಗಿ ಸ್ಫೋಟಿಸುತ್ತದೆ. ಇದೇ ನಾಕಿಂಗ್. ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂಥ ಸದ್ದು ಬರುತ್ತದೆ. ಹೆಚ್ಚು ಲೋಡ್‌ನಲ್ಲಿ ಇದು ಕೆಲವೇ ಸೆಕೆಂಡ್ ಮುಂದುವರಿದರೂ ಪಿಸ್ಟನ್ ರಿಂಗ್‌ಗಳ ನಡುವಿನ ತೆಳು ಭಾಗ ಒಡೆಯಬಹುದು, ಪಿಸ್ಟನ್ ಕರಗಬಹುದು, ಹೆಡ್ ಗ್ಯಾಸ್ಕೆಟ್ ಹೋಗಬಹುದು.

ಇಲ್ಲಿ ಕಂಪ್ರೆಷನ್ ಅನುಪಾತವೇ ಮುಖ್ಯ. ಮೈಲೇಜ್‌ಗಾಗಿ ರೂಪಿಸಿದ ಇಂದಿನ ಎನ್‌ಎ ಎಂಜಿನ್‌ಗಳಲ್ಲಿ ಈ ಅನುಪಾತ ಬಹಳ ಹೆಚ್ಚು. ಮಾರುತಿ ಸುಜುಕಿಯ 1.2 ಲೀಟರ್ ಡ್ಯುಯಲ್‌ಜೆಟ್ ಎಂಜಿನ್‌ನಲ್ಲಿ 12:1 ಇದ್ದರೆ, ಅದೇ ಕಂಪನಿಯ 1.0 ಲೀಟರ್ ಬೂಸ್ಟರ್‌ಜೆಟ್ ಟರ್ಬೋ ಎಂಜಿನ್‌ನಲ್ಲಿ 10:1. ಟರ್ಬೋಗೆಂದೇ ಕಂಪನಿ ಅನುಪಾತವನ್ನು ಇಳಿಸಿಕೊಂಡಿದೆ. 12:1 ಎಂಜಿನ್ ಮೇಲೆ ಟರ್ಬೋ ಕೂರಿಸುವುದೆಂದರೆ, ಈಗಾಗಲೇ ಅಂಚಿನಲ್ಲಿ ನಿಂತವನನ್ನು ಇನ್ನಷ್ಟು ಮುಂದಕ್ಕೆ ತಳ್ಳಿದಂತೆ. 9:1ರ ಆಸುಪಾಸಿನಲ್ಲಿರುವ ಹಳೆಯ ಎಂಜಿನ್‌ಗಳು ಕಡಿಮೆ ಬೂಸ್ಟ್ ತಾಳಿಕೊಳ್ಳಲು ಕಾರಣವೂ ಇದೇ.

ಹವಾಮಾನವೂ ಲೆಕ್ಕಕ್ಕೆ ಬರುತ್ತದೆ. ಜನವರಿಯ ದೆಹಲಿಯ ಚಳಿಯಲ್ಲಿ ಚೆನ್ನಾಗಿ ಓಡಿದ ಸೆಟ್ಟಿಂಗ್, ಮೇ ತಿಂಗಳ 45 ಡಿಗ್ರಿ ಬಿಸಿಲಿನಲ್ಲಿ ಎಂಜಿನ್ ಒಡೆಯಬಹುದು. ಟ್ಯೂನಿಂಗ್ ಮಾಡುವವರು ಕೆಟ್ಟ ದಿನವನ್ನು ಎದುರಿಟ್ಟುಕೊಂಡು ಲೆಕ್ಕ ಹಾಕಬೇಕು.

ಇಂಧನ ಮತ್ತು ಇಸಿಯು: ಅಸಲಿ ಕೆಲಸ ಇಲ್ಲಿದೆ

ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚಾಗಬೇಕು. ಸಾಮಾನ್ಯ ಓಡಾಟದಲ್ಲಿ ಒಂದು ಪಾಲು ಪೆಟ್ರೋಲ್‌ಗೆ 14.7 ಪಾಲು ಗಾಳಿ ಸಾಕು. ಬೂಸ್ಟ್ ಇರುವಾಗ ಒಳಗಿನ ಬಿಸಿ ತಗ್ಗಿಸಲು ಇದನ್ನು 12ರ ಆಸುಪಾಸಿಗೆ, ಅಂದರೆ ಪೆಟ್ರೋಲ್ ಹೆಚ್ಚಿರುವ ಮಿಶ್ರಣಕ್ಕೆ ತರಬೇಕಾಗುತ್ತದೆ. ಜತೆಗೆ ಸ್ಪಾರ್ಕ್ ಬರುವ ಸಮಯವನ್ನೂ ಹಿಂದಕ್ಕೆ ಸರಿಸಬೇಕು.

ಸಮಸ್ಯೆ ಏನೆಂದರೆ, ಎನ್‌ಎ ಕಾರಿನ ಇಸಿಯುಗೆ ಬೂಸ್ಟ್ ಎಂಬುದೇ ಗೊತ್ತಿಲ್ಲ. ಅದರ ಮ್ಯಾಪ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡದವರೆಗೆ ಮಾತ್ರ ಓದುವಂತೆ ಮಾಡಲ್ಪಟ್ಟಿರುತ್ತದೆ. ಅದಕ್ಕಿಂತ ಹೆಚ್ಚಿನ ಒತ್ತಡ ಬಂದಾಗಲೂ 'ಒತ್ತಡ ಇಷ್ಟೇ' ಎಂದು ಅದೇ ಉತ್ತರ ಕೊಡುತ್ತದೆ. ಇಸಿಯು ಹಳೆಯ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತದೆ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ: ನಾಕಿಂಗ್‌ಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಇಲ್ಲ. 'ಬೂಸ್ಟ್ ಕಡಿಮೆ, ಹಾಗಾಗಿ ಟ್ಯೂನಿಂಗ್ ಬೇಡ' ಎಂಬ ಮಾತು ಎಲ್ಲಕ್ಕಿಂತ ದುಬಾರಿಯಾಗುವುದು ಇದೇ ಕಾರಣಕ್ಕೆ.

ಟರ್ಬೋ ಜತೆಗೆ ಏನೆಲ್ಲ ಬೇಕು?

* ಟರ್ಬೋ ಕೂರಿಸಲು ಹೊಸ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಅಗಲವಾದ ಡೌನ್‌ಪೈಪ್. ಅಗ್ಗದ ವೆಲ್ಡಿಂಗ್ ಬಿಸಿಗೆ ಬಿರುಕು ಬಿಡುತ್ತದೆ.
* ಇಂಟರ್‌ಕೂಲರ್ ಮತ್ತು ಪೈಪ್‌ಗಳು. ರೇಡಿಯೇಟರ್‌ಗೆ ಬರುವ ಗಾಳಿ ತಡೆಯದಂತೆ ಜೋಡಿಸಬೇಕು.
* ಟರ್ಬೋಗೆ ಎಂಜಿನ್ ಆಯಿಲ್ ತಲುಪಿಸುವ ಪೈಪ್, ಹಿಂದಿರುಗುವ ಪೈಪ್. ಹಿಂದಿರುಗುವ ಪೈಪ್ ದಪ್ಪವಾಗಿದ್ದು, ಆಯಿಲ್ ತಾನಾಗಿ ಕೆಳಗೆ ಇಳಿಯುವಂತಿರಬೇಕು. ಇಲ್ಲವಾದರೆ ಆಯಿಲ್ ಸೀಲ್ ದಾಟಿ, ಕಾರು ನೀಲಿ ಹೊಗೆ ಬಿಡುತ್ತದೆ.
* ದೊಡ್ಡ ಇಂಜೆಕ್ಟರ್‌ಗಳು, ಅಗತ್ಯಬಿದ್ದರೆ ಹೆಚ್ಚು ಸಾಮರ್ಥ್ಯದ ಫ್ಯುಯೆಲ್ ಪಂಪ್.
* ಬೂಸ್ಟ್ ಓದಬಲ್ಲ ಮ್ಯಾಪ್ ಸೆನ್ಸರ್, ಹೊಸದಾಗಿ ಟ್ಯೂನ್ ಮಾಡಿದ ಇಸಿಯು ಅಥವಾ ಪ್ರತ್ಯೇಕ ಇಸಿಯು.
* ಮಿಶ್ರಣವನ್ನು ನಿಖರವಾಗಿ ತೋರಿಸುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಮತ್ತು ಬೂಸ್ಟ್ ಗೇಜ್. ಇವಿಲ್ಲದೆ ಓಡಿಸುವುದು ಕಣ್ಣುಕಟ್ಟಿ ಓಡಿಸಿದಂತೆ.
* ಒಂದು ಹಂತ 'ಕೋಲ್ಡ್' ಆದ ಸ್ಪಾರ್ಕ್ ಪ್ಲಗ್‌ಗಳು.
* ಹೆಚ್ಚಿದ ಟಾರ್ಕ್ ತಾಳಬಲ್ಲ ಕ್ಲಚ್.

ಪಟ್ಟಿ ನೋಡಿದರೆ ಒಂದು ವಿಷಯ ಸ್ಪಷ್ಟ. ಇಡೀ ಯೋಜನೆಯಲ್ಲಿ ಟರ್ಬೋ ಎಂಬುದು ಒಂದು ಭಾಗ ಮಾತ್ರ. ಗುಜರಿ ಅಂಗಡಿಯಲ್ಲಿ ಹಳೆಯ ಡೀಸೆಲ್ ಕಾರಿನ ಟರ್ಬೋ ಅಗ್ಗಕ್ಕೆ ಸಿಕ್ಕಿತೆಂದು ಕೆಲಸ ಶುರುಮಾಡಿದವರ ಬಜೆಟ್ ಹಳಿ ತಪ್ಪುವುದು ಉಳಿದ ಭಾಗಗಳಿಂದ. ಡೀಸೆಲ್ ಎಂಜಿನ್‌ನ ಹೊಗೆ ಪೆಟ್ರೋಲ್‌ನಷ್ಟು ಬಿಸಿಯಾಗಿರುವುದಿಲ್ಲ. ಅದಕ್ಕೆಂದು ಮಾಡಿದ ಟರ್ಬೋ ಪೆಟ್ರೋಲ್ ಎಂಜಿನ್‌ನಲ್ಲಿ ಬಾಳುವ ಖಾತರಿ ಇಲ್ಲ.

ಕಂಪನಿಯ ಟರ್ಬೋ ಕಾರು ಹೇಗೆ ಬೇರೆ?

ನಿಸ್ಸಾನ್ ಮ್ಯಾಗ್ನೈಟ್ ಉದಾಹರಣೆ ನೋಡಿ. 999 ಸಿಸಿ ಎನ್‌ಎ ಎಂಜಿನ್‌ಗೆ 72 ಪಿಎಸ್ ಶಕ್ತಿ, 96 ಎನ್‌ಎಂ ಟಾರ್ಕ್. ಅಷ್ಟೇ ಗಾತ್ರದ ಟರ್ಬೋ ಎಂಜಿನ್‌ಗೆ 100 ಪಿಎಸ್, 160 ಎನ್‌ಎಂ. ಮೇಲ್ನೋಟಕ್ಕೆ 'ಅದೇ ಎಂಜಿನ್‌ಗೆ ಟರ್ಬೋ ಹಾಕಿದ್ದಾರೆ' ಎನಿಸುತ್ತದೆ. ವಾಸ್ತವದಲ್ಲಿ ಎರಡೂ ಬೇರೆ ಬೇರೆ ಎಂಜಿನ್‌ಗಳು. ಟರ್ಬೋ ಎಂಜಿನ್‌ನ ಪಿಸ್ಟನ್, ಕನೆಕ್ಟಿಂಗ್ ರಾಡ್, ವಾಲ್ವ್, ಕೂಲಿಂಗ್ ಎಲ್ಲವನ್ನೂ ಹೆಚ್ಚಿನ ಒತ್ತಡ ಮತ್ತು ಬಿಸಿಗೆ ತಕ್ಕಂತೆ ರೂಪಿಸಿರುತ್ತಾರೆ. ಸುಡುಬಿಸಿಲು, ಕೊರೆವ ಚಳಿ, ಎತ್ತರದ ಪ್ರದೇಶಗಳಲ್ಲಿ ಪರೀಕ್ಷೆ ನಡೆಸಿರುತ್ತಾರೆ. ಗ್ಯಾರೇಜ್‌ನಲ್ಲಿ ಒಂದೆರಡು ವಾರದಲ್ಲಿ ಮುಗಿಯುವ ಕೆಲಸಕ್ಕೆ ಆ ಪರೀಕ್ಷೆ ಸಿಗುವುದಿಲ್ಲ; ಪರೀಕ್ಷೆ ನಡೆಯುವುದು ಮಾಲೀಕನ ಕಾರಿನ ಮೇಲೆಯೇ.

ಯಾವ ಪೆಟ್ರೋಲ್ ಹಾಕಬೇಕು?

ನಾಕಿಂಗ್ ತಡೆಯುವ ಪೆಟ್ರೋಲ್‌ನ ಗುಣವನ್ನು ಆಕ್ಟೇನ್ ಸಂಖ್ಯೆ ಹೇಳುತ್ತದೆ. ಬಿಎಸ್6 ಮಾನದಂಡದಲ್ಲಿ ಸಾಮಾನ್ಯ ಪೆಟ್ರೋಲ್‌ಗೆ ಕನಿಷ್ಠ 91 ಆಕ್ಟೇನ್ ನಿಗದಿಯಾಗಿದೆ. ದೊಡ್ಡ ನಗರಗಳಲ್ಲಿ 95, 97, 99, 100 ಆಕ್ಟೇನ್‌ನ ದುಬಾರಿ ಪೆಟ್ರೋಲ್‌ಗಳೂ ಸಿಗುತ್ತವೆ. ಟರ್ಬೋ ಹಾಕಿದ ಎನ್‌ಎ ಎಂಜಿನ್‌ಗೆ ಹೆಚ್ಚಿನ ಆಕ್ಟೇನ್ ನಿಜಕ್ಕೂ ಬೇಕು. ಆದರೆ ಹೆದ್ದಾರಿಯ ಸಣ್ಣ ಊರಿನ ಬಂಕ್‌ನಲ್ಲಿ ಅದು ಸಿಗದೇ ಹೋಗಬಹುದು. 100 ಆಕ್ಟೇನ್ ನಂಬಿ ಟ್ಯೂನ್ ಮಾಡಿದ ಕಾರಿಗೆ ಸಾಮಾನ್ಯ ಪೆಟ್ರೋಲ್ ತುಂಬಿ ಘಾಟಿ ಹತ್ತಿಸಿದರೆ, ದ್ರವ ಮುಗಿದ ಜೆಟ್‌ಫೈರ್ ಕಥೆಯೇ ಮರುಕಳಿಸುತ್ತದೆ, ಅದೂ ಆ ಕಾರಿಗಿದ್ದ ರಕ್ಷಣೆ ಇಲ್ಲದೆ.

ಈಗ ವ್ಯಾಪಕವಾಗಿರುವ ಇ20 ಪೆಟ್ರೋಲ್‌ನಲ್ಲಿ ಶೇ 20 ಎಥನಾಲ್ ಇರುತ್ತದೆ. ಎಥನಾಲ್ ನಾಕಿಂಗ್ ತಡೆಯಲು ಒಳ್ಳೆಯದೇ. ಆದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಡುತ್ತದೆ. ಆಗಲೇ ಮಿತಿ ಮುಟ್ಟಿರುವ ಇಂಜೆಕ್ಟರ್‌ಗಳಿಗೆ ಇದು ಇನ್ನೊಂದು ಹೊರೆ. ಹಳೆಯ ಕಾರಿನ ರಬ್ಬರ್ ಪೈಪ್, ಸೀಲ್‌ಗಳು ಇ20ಗೆ ಹೊಂದುತ್ತವೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಆನ್‌ಲೈನ್ 'ಎಲೆಕ್ಟ್ರಿಕ್ ಟರ್ಬೋ' ನಂಬಬೇಡಿ

ಕೆಲವೇ ಸಾವಿರ ರೂಪಾಯಿಗೆ ಸಿಗುವ, ಏರ್ ಫಿಲ್ಟರ್ ಪೈಪ್‌ಗೆ ಸಿಕ್ಕಿಸುವ 12 ವೋಲ್ಟ್ ಫ್ಯಾನ್‌ಗಳನ್ನು 'ಎಲೆಕ್ಟ್ರಿಕ್ ಟರ್ಬೋ' ಎಂದು ಮಾರುತ್ತಾರೆ. 1.2 ಲೀಟರ್ ಎಂಜಿನ್ 6,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 50 ಲೀಟರ್‌ಗೂ ಹೆಚ್ಚು ಗಾಳಿ ಎಳೆಯುತ್ತದೆ. ಅಷ್ಟು ಗಾಳಿಯನ್ನು 5 ಪಿಎಸ್‌ಐಗೆ ಒತ್ತಲು ಸುಮಾರು ಎರಡೂವರೆ ಕಿಲೋವ್ಯಾಟ್ ಶಕ್ತಿ ಬೇಕು. 12 ವೋಲ್ಟ್‌ನಲ್ಲಿ ಅದು 200 ಆಂಪಿಯರ್ ಕರೆಂಟ್. ತೆಳ್ಳನೆಯ ಎರಡು ವೈರ್‌ನ ಫ್ಯಾನ್‌ಗೆ ಇದು ಸಾಧ್ಯವೇ ಇಲ್ಲ. ಗಾಳಿಯ ದಾರಿಗೆ ಅಡ್ಡ ಬರುವುದಷ್ಟೇ ಅದರ ಸಾಧನೆ. ಕೆಲವು ದುಬಾರಿ ಕಾರುಗಳಲ್ಲಿ ಅಸಲಿ ಎಲೆಕ್ಟ್ರಿಕ್ ಕಂಪ್ರೆಸರ್‌ಗಳಿರುವುದು ನಿಜ. ಅವು 48 ವೋಲ್ಟ್ ವ್ಯವಸ್ಥೆಯಲ್ಲಿ ಕೆಲಸ ಮಾಡುತ್ತವೆ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ನೋಂದಣಿ ಪ್ರಮಾಣಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ ಸೆಕ್ಷನ್ 182ಎ ಪ್ರಕಾರ, ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು.

'ಸಿಎನ್‌ಜಿ ಕಿಟ್ ಹಾಕಿಸಬಹುದಾದರೆ ಟರ್ಬೋ ಯಾಕಾಗದು?' ಎಂಬ ಪ್ರಶ್ನೆ ಸಹಜ. ಸಿಎನ್‌ಜಿ ಕಿಟ್‌ಗಳಿಗೆ ಪುಣೆಯ ಎಆರ್‌ಎಐ ಮುಂತಾದ ಪರೀಕ್ಷಾ ಸಂಸ್ಥೆಗಳಿಂದ ಅನುಮೋದನೆ ಪಡೆಯುವ ವ್ಯವಸ್ಥೆ ಇದೆ, ಬಳಿಕ ಆರ್‌ಟಿಒ ಅದನ್ನು ಆರ್‌ಸಿಯಲ್ಲಿ ನಮೂದಿಸುತ್ತದೆ. ಗ್ಯಾರೇಜ್‌ನಲ್ಲಿ ಬಿಡಿ ಭಾಗ ಕೂಡಿಸಿ ಹಾಕಿದ ಟರ್ಬೋಗೆ ಅಂಥ ಅನುಮೋದನೆ ಇರುವುದಿಲ್ಲ. ಹೊಗೆಯ ಪ್ರಮಾಣವೂ ಬದಲಾಗುತ್ತದೆ. ಬಿಎಸ್6 ಕಾರುಗಳ ಆನ್‌ಬೋರ್ಡ್ ಡಯಾಗ್ನೊಸ್ಟಿಕ್ಸ್ ಇದನ್ನು ಗುರುತಿಸಿ ಚೆಕ್ ಎಂಜಿನ್ ಲೈಟ್ ಹೊತ್ತಿಸಬಹುದು.

ವಿಮೆಯ ವಿಷಯ ಇನ್ನೂ ಗಂಭೀರ. ಕಂಪನಿಗೆ ತಿಳಿಸದೆ ಎಂಜಿನ್‌ನಲ್ಲಿ ಇಷ್ಟು ದೊಡ್ಡ ಬದಲಾವಣೆ ಮಾಡಿದ್ದರೆ, ಅಪಘಾತದ ನಂತರ ನಿಮ್ಮ ಕಾರಿನ ಹಾನಿಯ ಕ್ಲೇಮ್ ತಿರಸ್ಕರಿಸಲು ಅದೇ ಕಾರಣವಾಗಬಹುದು. ಕಂಪನಿಯ ವಾರಂಟಿಯಂತೂ ಎಂಜಿನ್ ಮಟ್ಟಿಗೆ ಮುಗಿದಂತೆಯೇ. ಅಲ್ಲದೆ ವೇಗ ಹೆಚ್ಚಿದರೂ ಬ್ರೇಕ್, ಟೈರ್, ಸಸ್ಪೆನ್ಷನ್ ಹಳೆಯವೇ ಆಗಿರುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಹಾಗಾದರೆ ಮಾಡಬೇಕಾದ್ದೇನು?

ಶಕ್ತಿ ಕಡಿಮೆ ಎನಿಸಿದರೆ ಮೊದಲು ಕಾರಿನ ಆರೋಗ್ಯ ನೋಡಿ. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಇಂಜೆಕ್ಟರ್, ಕ್ಯಾಟಲಿಟಿಕ್ ಕನ್ವರ್ಟರ್, ಟೈರ್ ಗಾಳಿ, ಜಾಮ್ ಆದ ಬ್ರೇಕ್: ಇವುಗಳಲ್ಲಿ ಒಂದು ಕೆಟ್ಟಿದ್ದರೂ ಕಾರು ಸೋಮಾರಿಯಾಗುತ್ತದೆ. ಎಲ್ಲ ಸಿಲಿಂಡರ್‌ಗಳ ಕಂಪ್ರೆಷನ್ ಪರೀಕ್ಷೆ ಮಾಡಿಸಿದರೆ ಎಂಜಿನ್‌ನ ನಿಜಸ್ಥಿತಿ ತಿಳಿಯುತ್ತದೆ. ಘಾಟಿಯಲ್ಲಿ ಎನ್‌ಎ ಎಂಜಿನ್‌ನ ಶಕ್ತಿ ಇರುವುದು ಮೇಲಿನ ಆರ್‌ಪಿಎಂನಲ್ಲಿ. ಗೇರ್ ಇಳಿಸಿ 4,000 ಆಸುಪಾಸಿನಲ್ಲಿ ಓಡಿಸುವುದು ತಪ್ಪಲ್ಲ.

ದಿನಬಳಕೆಯ ಕಾರಿಗೆ ಟರ್ಬೋ ಶಕ್ತಿಯೇ ಬೇಕೆಂದರೆ, ಈಗಿನ ಕಾರು ಮಾರಿ ಕಂಪನಿಯಿಂದಲೇ ಟರ್ಬೋ ಅಳವಡಿಸಿದ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವುದು ಲೆಕ್ಕಕ್ಕೂ ಕಾನೂನಿಗೂ ಸರಿಹೊಂದುವ ದಾರಿ. ಸರ್ವಿಸ್ ದಾಖಲೆ, ಆಯಿಲ್ ಬದಲಾವಣೆಯ ಇತಿಹಾಸ ನೋಡಿ ಕೊಳ್ಳಬೇಕು.

ಎಂಜಿನ್ ಕೆಲಸದಲ್ಲೇ ಆಸಕ್ತಿ ಇರುವವರಿಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಮುಚ್ಚಿದ ಟ್ರ್ಯಾಕ್‌ಗಳಿವೆ. ರಸ್ತೆಗಿಳಿಸದೆ, ಟ್ರೇಲರ್‌ನಲ್ಲಿ ಸಾಗಿಸುವ ಟ್ರ್ಯಾಕ್ ಕಾರಿನ ಮೇಲೆ ಈ ಪ್ರಯೋಗ ಮಾಡಬಹುದು. ಆಗಲೂ ಕ್ರಮ ಹೀಗಿರಲಿ: ಮೊದಲು ಎಂಜಿನ್ ಪರೀಕ್ಷೆ, ಆಮೇಲೆ ಇಂಧನ ಮತ್ತು ಇಸಿಯು ವ್ಯವಸ್ಥೆ, ಗೇಜ್‌ಗಳು, ಕೊನೆಗೆ ಟರ್ಬೋ. ಡೈನೋ ಮೇಲೆ ಟ್ಯೂನ್ ಮಾಡಿಸುವವರೆಗೆ ಬೂಸ್ಟ್ ಬರುವಷ್ಟು ಆಕ್ಸಿಲರೇಟರ್ ಒತ್ತಬಾರದು. ಹಣ ಸಾಲದೇ ಬಂದರೆ ಬೂಸ್ಟ್ ಮುಂದೂಡಬಹುದು, ಟ್ಯೂನಿಂಗ್ ಬಿಡುವಂತಿಲ್ಲ.